ಆರಿಸುವವರನ್ನು ಕೇಳುವವರು ಯಾರು?
ನ್ಯಾಯಮೂರ್ತಿಗಳ ನೇಮಕ, ಸಂಸತ್ತು ಮತ್ತು ಕಲಬುರಗಿಯ ಒಂದು ಭಿನ್ನಮತ

1

ಕೋರ್ಟಿನಲ್ಲಿ ದಲಿತರಿಗೆ ಏನು ಸಿಕ್ಕಿತು ಎಂಬ ಬಗ್ಗೆ ನಾವು ಸಾಕಷ್ಟು ಬರೆದಿದ್ದೇವೆ. ಆ ಕೋರ್ಟಿನ ಕುರ್ಚಿಯಲ್ಲಿ ಕೂರುವವರನ್ನು ಯಾರು, ಎಲ್ಲಿ ಕೂತು, ಏನು ಕೇಳಿ ಆರಿಸುತ್ತಾರೆ ಎಂಬ ಬಗ್ಗೆ ಬರೆದದ್ದು ಕಡಿಮೆ. ತೀರ್ಪು ಬಂದ ಮೇಲೆ ಮೆರವಣಿಗೆ ತೆಗೆಯುತ್ತೇವೆ, ತಹಸೀಲ್ದಾರರಿಗೆ ಮನವಿ ಕೊಡುತ್ತೇವೆ. ನೇಮಕ ನಡೆಯುವಾಗ ನಮಗೆ ಸುದ್ದಿಯೇ ಇರುವುದಿಲ್ಲ. ಸುದ್ದಿ ಇದ್ದರೂ "ನಮಗ ಯಾರ್ ಕೇಳ್ಯಾರ್ರಿ?" ಎಂದು ಸುಮ್ಮನಾಗುತ್ತೇವೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಈ ಪಟ್ಟೆಯಲ್ಲಿ ಕೋರ್ಟಿನ ಮಾತು ಇವತ್ತಿಗೂ ಅರ್ಧ ಉರ್ದು. ಪೇಶಿ, ದಾವಾ, ಫಿರ್ಯಾದಿ, ಜಾಮೀನು, ಖುಲಾಸೆ. ನಮ್ಮಲ್ಲಿ ಖುಲಾಸೆ ಎಂದರೆ ಆರೋಪಿಯ ಬಿಡುಗಡೆ. ಉರ್ದುವಿನಲ್ಲಿ ಆ ಪದಕ್ಕೆ ಸಾರಾಂಶ, ಸ್ಪಷ್ಟನೆ ಎಂಬ ಅರ್ಥ. ಹೊಡೆದವನಿಗೆ ಖುಲಾಸೆ ಸಿಕ್ಕಿದೆ, ಹೊಡೆಸಿಕೊಂಡವನಿಗೆ ಸ್ಪಷ್ಟನೆ ಸಿಕ್ಕಿಲ್ಲ. ನೇಮಕದ ವಿಷಯದಲ್ಲೂ ನಡೆದಿರುವುದು ಇದೇ.

ದಲಿತ ವಿಮರ್ಶೆಯ ಸಂಚಿಕೆಗೂ ಈ ವಿಷಯಕ್ಕೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಕನ್ನಡದಲ್ಲಿ ದಲಿತ ಬರವಣಿಗೆ ಬಂದಾಗ ಅದನ್ನು ಅಳೆಯಲು ತಂದ ಕೋಲಿನ ಹೆಸರು 'ಕಲಾತ್ಮಕತೆ'. ಅನುಭವ ಇದೆ, ಕಲೆ ಸಾಲದು ಎಂಬುದು ಆಗಿನ ಷರಾ. ಆ ಕೋಲನ್ನು ಯಾರು ಕೊಯ್ದು ತಂದರು ಎಂದು ಕೇಳಿದ್ದು ದಲಿತ ವಿಮರ್ಶೆಯ ಮೊದಲ ಕೆಲಸ. ನ್ಯಾಯಾಂಗದಲ್ಲಿ ಅದೇ ಕೋಲಿನ ಹೆಸರು 'ಅರ್ಹತೆ'. ಕಾವ್ಯದ ಗುಣದೋಷಗಳಿಗೆ ನಿಯಮ ಹೇಳಿದ 'ಕವಿರಾಜಮಾರ್ಗ' ಸೇಡಂ ತಾಲೂಕಿನ ಮಳಖೇಡದಿಂದ ಆಳಿದ ರಾಷ್ಟ್ರಕೂಟರ ಆಸ್ಥಾನದ್ದು. ಆಸ್ಥಾನದ ಹೊರಗಿನ ಜನರಲ್ಲೂ ಕಾವ್ಯದ ವಿವೇಕ ಇದೆ ಎಂದು ಒಪ್ಪಿಕೊಂಡದ್ದೂ ಅದೇ ಗ್ರಂಥ. ನಿಯಮ ಮಾಡುವವರು ಹೊರಗಿನವರ ವಿವೇಕವನ್ನು ಲೆಕ್ಕಕ್ಕೆ ತಗೊಂಡ ಉದಾಹರಣೆ ನಮ್ಮ ನೆಲದಲ್ಲೇ ಇದೆ. ನ್ಯಾಯಮೂರ್ತಿಗಳ ನೇಮಕದ ಕಡತವೂ ಒಂದು ಪಠ್ಯ. ಅದನ್ನು ಓದುವ ಹಕ್ಕು ನಮಗೂ ಇದೆ.

2

ನಿಜಾಮನ ಕಾಲದಲ್ಲಿ ಹೈಕೋರ್ಟು ಹೈದರಾಬಾದಿನಲ್ಲಿತ್ತು. ನ್ಯಾಯಾಂಗವನ್ನು ಕಾರ್ಯಾಂಗದಿಂದ ಬೇರೆ ಮಾಡುವುದು ಬ್ರಿಟಿಷ್ ಇಂಡಿಯಾದಲ್ಲಿ ಇನ್ನೂ ಬೇಡಿಕೆಯಾಗಿದ್ದಾಗ, 1921ರಲ್ಲಿ, ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಅದನ್ನು ಫರ್ಮಾನಿನಿಂದ ಮಾಡಿದ. ಒಳ್ಳೆಯ ಸುಧಾರಣೆಯೇ. ಆದರೆ ನ್ಯಾಯಾಧೀಶನ ನೇಮಕವೂ ಫರ್ಮಾನಿನಿಂದಲೇ. ಫರ್ಮಾನಿಗೆ ಕಾರಣ ಕೇಳುವ ಪದ್ಧತಿ ಇರಲಿಲ್ಲ.

1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಗುಲ್ಬರ್ಗಾ, ಬೀದರ್, ರಾಯಚೂರು ಮೈಸೂರು ರಾಜ್ಯಕ್ಕೆ ಬಂದವು. ಹೈಕೋರ್ಟು ಬೆಂಗಳೂರಿಗೆ ಹೋಯಿತು. ಚಿಂಚೋಳಿಯ ಒಬ್ಬ ಕೂಲಿಕಾರನ ಅಪೀಲು ಬೆಂಗಳೂರಿನಲ್ಲಿ ನಡೆಯಬೇಕೆಂದರೆ ಎರಡು ರಾತ್ರಿಯ ಪ್ರಯಾಣ, ಎರಡು ದಿನದ ಕೂಲಿ, ಗುರುತಿಲ್ಲದ ವಕೀಲ. ವಕೀಲರು ಮತ್ತು ಸಂಘಟನೆಗಳ ವರ್ಷಗಟ್ಟಲೆ ಹೋರಾಟದ ಮೇಲೆ 2008ರ ಜುಲೈನಲ್ಲಿ ಗುಲ್ಬರ್ಗಾಕ್ಕೆ ಹೈಕೋರ್ಟಿನ ಸಂಚಾರಿ ಪೀಠ ಬಂತು. 2013ರ ಆಗಸ್ಟ್‌ನಲ್ಲಿ ಅದು ಕಾಯಂ ಪೀಠವಾಯಿತು. ಐವತ್ತೆರಡು ವರ್ಷ ಬೇಕಾಯಿತು.

ಪೀಠ ಬಂತು, ಸಂವಿಧಾನದ 98ನೇ ತಿದ್ದುಪಡಿಯಿಂದ 371(ಜೆ) ಬಂತು, ಶಿಕ್ಷಣ ಮತ್ತು ಸರ್ಕಾರಿ ನೌಕರಿಯಲ್ಲಿ ಈ ಭಾಗದವರಿಗೆ ಮೀಸಲಾತಿ ಬಂತು. ಇವು ಸಣ್ಣ ಗೆಲುವುಗಳಲ್ಲ. ಆದರೆ ಪೀಠದ ಮೇಲೆ ಕೂರುವವರ ಆಯ್ಕೆಯ ಬಾಗಿಲು ಈ ಯಾವ ಗೆಲುವಿನಿಂದಲೂ ತೆರೆಯಲಿಲ್ಲ. ಹೈಕೋರ್ಟು, ಸುಪ್ರೀಂ ಕೋರ್ಟುಗಳ ನೇಮಕಕ್ಕೆ ಮೀಸಲಾತಿ ಅನ್ವಯಿಸುವುದಿಲ್ಲ. ಕಟ್ಟಡ ಹತ್ತಿರ ಬಂತು, ಕೋಣೆ ಅಷ್ಟೇ ದೂರ ಉಳಿಯಿತು.

3

ಈ ಬಾಗಿಲ ಬಗ್ಗೆ ಅಂಬೇಡ್ಕರ್ ಏನು ಹೇಳಿದ್ದರು? 1949ರ ಮೇ 24ರಂದು ಸಂವಿಧಾನ ಸಭೆಯಲ್ಲಿ ಈ ಚರ್ಚೆ ನಡೆಯಿತು. ಅವರ ಮುಂದೆ ಮೂರು ಸಲಹೆಗಳಿದ್ದವು. ಮುಖ್ಯ ನ್ಯಾಯಮೂರ್ತಿಯ ಒಪ್ಪಿಗೆ ಇದ್ದರೆ ಮಾತ್ರ ನೇಮಕ ಎಂಬುದು ಒಂದು. ರಾಷ್ಟ್ರಪತಿ ಮಾಡಿದ ನೇಮಕವನ್ನು ಸಂಸತ್ತು ಮೂರನೇ ಎರಡು ಬಹುಮತದಿಂದ ಖಾಯಂ ಮಾಡಬೇಕು ಎಂಬುದು ಇನ್ನೊಂದು. ಮೇಲ್ಮನೆಯ ಜೊತೆ ಸಮಾಲೋಚಿಸಬೇಕು ಎಂಬುದು ಮೂರನೆಯದು.

ಅಂಬೇಡ್ಕರ್ ಮೂರನ್ನೂ ಒಪ್ಪಲಿಲ್ಲ. ಸರ್ಕಾರದ ಕೈಗೇ ಪೂರ್ತಿ ಬಿಡುವುದು ಅಪಾಯ ಎಂದರು. ಪ್ರತಿ ನೇಮಕಕ್ಕೂ ಶಾಸನಸಭೆಯ ಒಪ್ಪಿಗೆ ಬೇಕೆಂದರೆ ಅದು ತೊಡಕಿನ ಕೆಲಸ, ರಾಜಕೀಯ ಒತ್ತಡಕ್ಕೂ ದಾರಿ ಎಂದರು. ಮುಖ್ಯ ನ್ಯಾಯಮೂರ್ತಿಗೆ ತಡೆಯುವ ಅಧಿಕಾರ ಕೊಡುವುದಕ್ಕೂ ಅವರ ವಿರೋಧವಿತ್ತು. ಆತ ಎಷ್ಟೇ ದೊಡ್ಡವನಾದರೂ ಮನುಷ್ಯನೇ, ಎಲ್ಲರಂತೆ ಅವನಿಗೂ ದೌರ್ಬಲ್ಯ, ಪೂರ್ವಗ್ರಹ ಇರುತ್ತವೆ ಎಂಬುದು ಅವರ ವಾದ. ಹಾಗಾಗಿ ನಡುದಾರಿ: ರಾಷ್ಟ್ರಪತಿ ನೇಮಿಸಬೇಕು, ನ್ಯಾಯಮೂರ್ತಿಗಳ ಜೊತೆ ಸಮಾಲೋಚಿಸಬೇಕು.

ನಮ್ಮಲ್ಲಿ ಕೆಲವು ಗೆಳೆಯರು ಈ ಮಾತನ್ನು ಅರ್ಧ ಮಾತ್ರ ಹೇಳುತ್ತಾರೆ. ಅಂಬೇಡ್ಕರ್ ಸಂಸತ್ತಿನ ಮತವನ್ನು ಬೇಡವೆಂದರು, ಆದ್ದರಿಂದ ಕೊಲಿಜಿಯಂ ಸರಿ ಎಂಬುದು ಒಂದು ಗುಂಪು. ನ್ಯಾಯಮೂರ್ತಿಯ ವೀಟೊ ಬೇಡವೆಂದರು, ಆದ್ದರಿಂದ ಸರ್ಕಾರವೇ ಆರಿಸಲಿ ಎಂಬುದು ಇನ್ನೊಂದು. ಇಬ್ಬರೂ ತಮಗೆ ಬೇಕಾದ ಅಂಬೇಡ್ಕರರನ್ನು ಕತ್ತರಿಸಿಕೊಂಡಿದ್ದಾರೆ. ಯಾರ ಕೈಗೂ ಕೊನೆಯ ಬೀಗದಕೈ ಕೊಡಬಾರದು ಎಂಬ ಎಚ್ಚರ ಅವರದು. ಅಲ್ಪಸಂಖ್ಯಾತನಾಗಿ ಬಹುಮತದ ಎದುರು ನಿಂತು ಗೊತ್ತಿದ್ದವರ ಎಚ್ಚರ ಅದು ಎಂದು ನಾನು ಓದುತ್ತೇನೆ. 1949ರ ಭಾರತದಲ್ಲಿ ಮೂರನೇ ಎರಡು ಬಹುಮತ ಯಾರದಾಗಿರುತ್ತಿತ್ತು ಎಂದು ಊಹಿಸಲು ಪಂಡಿತರು ಬೇಕಿಲ್ಲ.

4

ಮುಂದೆ ಏನಾಯಿತು? ಮೊದಲ ನಾಲ್ಕು ದಶಕ ಸರ್ಕಾರದ ಮಾತು ನಡೆಯಿತು. 1950ರಿಂದ 1980ರ ತನಕ, ಮೂವತ್ತು ವರ್ಷ, ಸುಪ್ರೀಂ ಕೋರ್ಟಿನಲ್ಲಿ ಒಬ್ಬ ದಲಿತ ನ್ಯಾಯಮೂರ್ತಿಯೂ ಇರಲಿಲ್ಲ. ಆ ಕಾಲದ ಬಹುಪಾಲು ದಿಲ್ಲಿಯನ್ನು ಆಳಿದ್ದು ಕಾಂಗ್ರೆಸ್ಸು. ಹರಿಜನರ ಉದ್ಧಾರ ಅದರ ಪ್ರಣಾಳಿಕೆಯಲ್ಲಿತ್ತು. 1980ರಲ್ಲಿ ಎ. ವರದರಾಜನ್, 1985ರಲ್ಲಿ ಬಿ.ಸಿ. ರೇ, 1989ರಲ್ಲಿ ಕೆ. ರಾಮಸ್ವಾಮಿ. ಅಲ್ಲಿಗೆ ಮೂವರು.

ಈ ನಡುವೆ 1973ರಲ್ಲಿ ಸರ್ಕಾರ ಮೂವರು ಹಿರಿಯರನ್ನು ದಾಟಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ದಾಟಿಸಿಕೊಂಡ ಮೂವರಲ್ಲಿ ಕರ್ನಾಟಕದ ಕೆ.ಎಸ್. ಹೆಗ್ಡೆ ಒಬ್ಬರು. 1977ರಲ್ಲಿ ಎಚ್.ಆರ್. ಖನ್ನಾ ಅವರಿಗೂ ಹೀಗೇ ಆಯಿತು. ನ್ಯಾಯಾಂಗ ಹೆದರಿದ್ದಕ್ಕೆ ಕಾರಣವಿತ್ತು. ಆ ಹೆದರಿಕೆಯ ಫಲ 1993ರ ಅಕ್ಟೋಬರಿನ ತೀರ್ಪು. 'ಸಮಾಲೋಚನೆ' ಎಂಬ ಪದಕ್ಕೆ ಸುಪ್ರೀಂ ಕೋರ್ಟು 'ಒಪ್ಪಿಗೆ' ಎಂಬ ಬಲ ತುಂಬಿತು. ಅಂಬೇಡ್ಕರ್ 1949ರಲ್ಲಿ ಬೇಡವೆಂದದ್ದನ್ನು ಕೋರ್ಟು ತಾನೇ ತನಗೆ ಕೊಟ್ಟುಕೊಂಡಿತು. ಹೀಗೆ ಬಂದದ್ದು ಕೊಲಿಜಿಯಂ.

ಕೊಲಿಜಿಯಂ ಬಂದ ಮೇಲೆ? 1997ರಲ್ಲಿ ರಾಮಸ್ವಾಮಿ ನಿವೃತ್ತರಾದರು. ಮತ್ತೆ ಖಾಲಿ. ಆಗ ರಾಷ್ಟ್ರಪತಿ ಕೆ.ಆರ್. ನಾರಾಯಣನ್. ನೇಮಕದ ಕಡತ ಸಹಿಗೆ ಬಂದಾಗ, ಪರಿಶಿಷ್ಟ ಜಾತಿ, ಪಂಗಡ ಮತ್ತು ದುರ್ಬಲ ವರ್ಗದ ಅರ್ಹರನ್ನೂ ಪರಿಗಣಿಸಬೇಕು ಎಂದು ಅವರು ಕಡತದ ಮೇಲೆಯೇ ಬರೆದರು. 1999ರ ಜನವರಿಯಲ್ಲಿ ಅದು ಪತ್ರಿಕೆಗಳಿಗೆ ಬಂದು ಗದ್ದಲವಾಯಿತು. ಅರ್ಹತೆಯ ಪ್ರಶ್ನೆ ಎದ್ದಿತು. ದಲಿತ ರಾಷ್ಟ್ರಪತಿಯ ಒಂದು ಷರಾಕ್ಕೆ ಅಷ್ಟು ಬೆಚ್ಚಿದವರು ಅದಕ್ಕೆ ಮುಂಚಿನ ಮೂವತ್ತು ವರ್ಷದ ಮೌನಕ್ಕೆ ಬೆಚ್ಚಿರಲಿಲ್ಲ. 2000ದ ಜೂನ್‌ನಲ್ಲಿ ಕೆ.ಜಿ. ಬಾಲಕೃಷ್ಣನ್ ಸುಪ್ರೀಂ ಕೋರ್ಟಿಗೆ ಬಂದರು, 2007ರಲ್ಲಿ ಮುಖ್ಯ ನ್ಯಾಯಮೂರ್ತಿಯಾದರು. 2010ರಲ್ಲಿ ಅವರು ನಿವೃತ್ತರಾದ ಮೇಲೆ ಒಂಬತ್ತು ವರ್ಷ ಮತ್ತೆ ಖಾಲಿ. 2019ರಲ್ಲಿ ಬಿ.ಆರ್. ಗವಾಯಿ, 2021ರಲ್ಲಿ ಸಿ.ಟಿ. ರವಿಕುಮಾರ್, 2024ರ ಜನವರಿಯಲ್ಲಿ ಪ್ರಸನ್ನ ವರಾಳೆ.

ವರಾಳೆ ನಮ್ಮ ನಿಪ್ಪಾಣಿಯಲ್ಲಿ ಹುಟ್ಟಿದವರು. ಅವರ ಅಜ್ಜ ಬಳವಂತರಾವ್ ವರಾಳೆ ಅಂಬೇಡ್ಕರರ ಜೊತೆಗಾರ. ಧಾರವಾಡದಲ್ಲಿ ಅಂಬೇಡ್ಕರ್ ತೆರೆದ ಹಾಸ್ಟೆಲು ನಡೆಸಿದವರು. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಯಾಗಿದ್ದ ವರಾಳೆಯವರ ಹೆಸರು ಕಳಿಸುವಾಗ, ಇಡೀ ದೇಶದ ಹೈಕೋರ್ಟುಗಳಲ್ಲಿ ಪರಿಶಿಷ್ಟ ಜಾತಿಗೆ ಸೇರಿದ ಮುಖ್ಯ ನ್ಯಾಯಮೂರ್ತಿ ಇವರೊಬ್ಬರೇ ಎಂದು ಕೊಲಿಜಿಯಂ ಬರೆದುಕೊಂಡಿತು. ಹೊಗಳಿಕೆಯಂತೆ ಕಂಡರೂ ಅದು ತನ್ನ ಮೇಲೆ ತಾನೇ ಬರೆದುಕೊಂಡ ದೋಷಾರೋಪ ಪಟ್ಟಿ.

ಲೆಕ್ಕ ಹಾಕಿ. ಸರ್ಕಾರ ಆರಿಸಿದ ನಲವತ್ತಮೂರು ವರ್ಷದಲ್ಲಿ ಮೂವರು. ಅಲ್ಲಿಂದ 2024ರ ಜನವರಿ ತನಕ ನ್ಯಾಯಮೂರ್ತಿಗಳೇ ಆರಿಸಿದ ಮೂವತ್ತು ವರ್ಷದಲ್ಲಿ ನಾಲ್ವರು. ಸರ್ಕಾರ ಮೇಲೋ ಕೊಲಿಜಿಯಂ ಮೇಲೋ ಎಂಬ ಜಗಳದಲ್ಲಿ ನಾವು ಯಾರ ಪರ ಕೂಗಬೇಕು? ಬೀಗದಕೈ ಕೈ ಬದಲಾಯಿಸಿತು, ಬೀಗ ಹಾಗೇ ಇದೆ.

ಯಾರು ಕೂತರೇನು, ಕಾನೂನು ಒಂದೇ ಅಲ್ಲವೇ ಎನ್ನುವವರಿಗೆ ಕರ್ನಾಟಕದ್ದೇ ಒಂದು ಕೇಸು ತೋರಿಸಬಹುದು. ಹೊಸ ಬೋರ್‌ವೆಲ್ಲಿನ ನೀರು ಮುಟ್ಟಲು ದಲಿತರನ್ನು ಬಿಡದೆ ಬೆದರಿಸಿದವರಿಗೆ ಕೆಳಗಿನ ಎರಡು ಕೋರ್ಟುಗಳಲ್ಲಿ ಶಿಕ್ಷೆಯಾಗಿತ್ತು. ಹೈಕೋರ್ಟು ಬಿಡುಗಡೆ ಮಾಡಿತು. ಅಪ್ಪಾ ಬಾಳು ಇಂಗಳೆ ಎಂಬವರ ಹೆಸರಿನ ಆ ಕೇಸಿನಲ್ಲಿ ಸುಪ್ರೀಂ ಕೋರ್ಟು 1992ರ ಡಿಸೆಂಬರಿನಲ್ಲಿ ಹೈಕೋರ್ಟಿನ ತೀರ್ಪನ್ನು ಒಪ್ಪಲಿಲ್ಲ. ಆ ಪೀಠದಲ್ಲಿದ್ದ ಕೆ. ರಾಮಸ್ವಾಮಿ ಪ್ರತ್ಯೇಕವಾಗಿ ಬರೆದು ಅಸ್ಪೃಶ್ಯತೆಯ ಇತಿಹಾಸವನ್ನೇ ತೀರ್ಪಿನೊಳಗೆ ತಂದರು. ಸಾಕ್ಷ್ಯ ಎಲ್ಲ ಕೋರ್ಟಿನ ಮುಂದೂ ಅದೇ ಇತ್ತು. ನೀರು ಸಿಗದಿರುವುದು ಎಂದರೇನು ಎಂದು ಓದುವ ಕಣ್ಣು ಬೇರೆ ಇತ್ತು. ದಲಿತ ನ್ಯಾಯಮೂರ್ತಿ ಇದ್ದಲ್ಲೆಲ್ಲ ದಲಿತರ ಪರ ತೀರ್ಪು ಬರುತ್ತದೆ ಎಂದು ನಾನು ಹೇಳುತ್ತಿಲ್ಲ. ಆ ಕಣ್ಣೇ ಇಲ್ಲದ ಪೀಠವನ್ನು ನಿಷ್ಪಕ್ಷಪಾತಿ ಎಂದು ಕರೆಯಬೇಡಿ ಎನ್ನುತ್ತಿದ್ದೇನೆ.

5

ಸಂಸತ್ತು ಹೆಸರುಗಳನ್ನು ಬಹಿರಂಗವಾಗಿ ಪರೀಕ್ಷಿಸುವ ಪದ್ಧತಿ ಅಮೆರಿಕದಲ್ಲಿದೆ. ಅಲ್ಲಿನ ಕರಿಯರ ಅನುಭವ ನಮಗೆ ಪಾಠ. 1930ರಲ್ಲಿ ಅಧ್ಯಕ್ಷ ಹೂವರ್ ಸುಪ್ರೀಂ ಕೋರ್ಟಿಗೆ ಜಾನ್ ಪಾರ್ಕರ್ ಎಂಬುವರ ಹೆಸರು ಕಳಿಸಿದರು. ಕರಿಯರು ರಾಜಕೀಯಕ್ಕೆ ಬರುವುದು ಕೇಡು ಎಂಬ ಅರ್ಥದಲ್ಲಿ ಆತ ಹತ್ತು ವರ್ಷದ ಹಿಂದೆ ಆಡಿದ ಮಾತನ್ನು ಕರಿಯರ ಸಂಘಟನೆ ಎನ್‌ಎಎಸಿಪಿ ಹೆಕ್ಕಿ ತೆಗೆದು ದೇಶದ ತುಂಬ ಚಳವಳಿ ಮಾಡಿತು. ಕಾರ್ಮಿಕ ಸಂಘಗಳೂ ಸೇರಿದವು. ಸೆನೆಟ್ಟು 41-39 ಮತಗಳಿಂದ ಪಾರ್ಕರನ್ನು ತಿರಸ್ಕರಿಸಿತು. ದಕ್ಷಿಣದ ರಾಜ್ಯಗಳಲ್ಲಿ ಬಹುಪಾಲು ಕರಿಯರಿಗೆ ಮತ ಹಾಕಲೂ ಬಿಡದಿದ್ದ ಕಾಲ ಅದು. ಹೆಸರು ಮೊದಲೇ ಬಹಿರಂಗವಾದದ್ದರಿಂದ ಅವರು ಕೇಳಲು ಸಾಧ್ಯವಾಯಿತು.

ಇನ್ನೊಂದು ಮುಖವೂ ಇದೆ. 1967ರಲ್ಲಿ ಮೊದಲ ಕರಿಯ ನ್ಯಾಯಮೂರ್ತಿಯಾಗಿ ಥರ್ಗುಡ್ ಮಾರ್ಷಲ್ ಬಂದಾಗ, ದಕ್ಷಿಣದ ಬಿಳಿಯ ಸೆನೆಟರುಗಳು ಅದೇ ವೇದಿಕೆಯಲ್ಲಿ ಆತನನ್ನು ಶಾಲೆಯ ಹುಡುಗನಂತೆ ಪ್ರಶ್ನೆ ಹಾಕಿ ಕಾಡಿದರು. ಆತ 69-11 ಮತಗಳಿಂದ ಗೆದ್ದರು. ಬಹಿರಂಗ ಪರೀಕ್ಷೆ ಅವಮಾನದ ಕಟಕಟೆಯೂ ಆಗಬಹುದು. ಆದರೆ ಆ ಅವಮಾನ ದಾಖಲೆಯಲ್ಲಿದೆ. ಯಾರು ಏನು ಕೇಳಿದರು ಎಂದು ಇವತ್ತಿಗೂ ಓದಬಹುದು. ನಮ್ಮಲ್ಲಿ ಯಾವ ದಲಿತ ವಕೀಲರ ಹೆಸರು ಯಾವ ಮೇಜಿನ ಮೇಲೆ ಯಾವ ಮಾತಿನಿಂದ ಬಿದ್ದುಹೋಯಿತು ಎಂಬುದಕ್ಕೆ ದಾಖಲೆಯೇ ಇಲ್ಲ.

ದಾಖಲೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲೇ ಒಂದು ಕಹಿ ಪ್ರಸಂಗವಿದೆ. 2009ರಲ್ಲಿ ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ, ದಲಿತರಾದ ಪಿ.ಡಿ. ದಿನಕರನ್ ಅವರ ಹೆಸರನ್ನು ಕೊಲಿಜಿಯಂ ಸುಪ್ರೀಂ ಕೋರ್ಟಿಗೆ ಶಿಫಾರಸು ಮಾಡಿತು. ಆಮೇಲೆ ತಮಿಳುನಾಡಿನ ಭೂಮಿಯ ಕುರಿತ ಆರೋಪಗಳು ಎದ್ದವು. ವಕೀಲರು ಎರಡು ಪಾಲಾದರು. ಡಿಸೆಂಬರಿನಲ್ಲಿ ರಾಜ್ಯಸಭೆಯ 75 ಸದಸ್ಯರು ಪದಚ್ಯುತಿ ಗೊತ್ತುವಳಿಗೆ ಸಹಿ ಹಾಕಿದರು. ಬಡ್ತಿ ನಿಂತಿತು, ಸಿಕ್ಕಿಂಗೆ ವರ್ಗವಾಯಿತು, ತನಿಖಾ ಸಮಿತಿ ಕೂತಿತು. 2011ರ ಜುಲೈನಲ್ಲಿ ಅವರು ರಾಜೀನಾಮೆ ಕೊಟ್ಟರು. ತನ್ನ ಹುಟ್ಟೇ ಇದಕ್ಕೆ ಕಾರಣವೋ ಎಂಬ ಅನುಮಾನವನ್ನು ರಾಜೀನಾಮೆಯಲ್ಲಿ ಬರೆದರು. ಆರೋಪ ಸಾಬೀತೂ ಆಗಲಿಲ್ಲ, ಸುಳ್ಳೆಂದೂ ಆಗಲಿಲ್ಲ.

ದಲಿತ ಸಂಘಟನೆಗಳು ಆಗ ಇಕ್ಕಟ್ಟಿಗೆ ಸಿಕ್ಕವು. ಬೆಂಬಲಿಸಿದರೆ ಭೂಮಿಯ ಪ್ರಶ್ನೆ, ಬಿಟ್ಟರೆ ಜಾತಿಯ ಪ್ರಶ್ನೆ. ಶಿಫಾರಸಿಗೆ ಮುಂಚೆಯೇ ಹೆಸರು ಬಹಿರಂಗವಾಗಿ, ಪ್ರಶ್ನೆಗೆ ಅವರೇ ಬಹಿರಂಗವಾಗಿ ಉತ್ತರ ಕೊಡುವ ವ್ಯವಸ್ಥೆ ಇದ್ದಿದ್ದರೆ ನಾವು ಸಾಕ್ಷ್ಯ ನೋಡಿ ನಿಲುವು ತಗೊಳ್ಳಬಹುದಿತ್ತು. ನಮ್ಮ ಸಂಸತ್ತು ನ್ಯಾಯಮೂರ್ತಿಯನ್ನು ಒಳಗೆ ಬರುವಾಗ ಪ್ರಶ್ನಿಸುವುದಿಲ್ಲ, ಹೊರಗೆ ಹಾಕುವಾಗ ಮಾತ್ರ ಪ್ರಶ್ನಿಸುತ್ತದೆ.

6

ಈಗ ನಮ್ಮ ಭಾಗದ ಮನುಷ್ಯನ ಮಾತು. ಮಲ್ಲಿಕಾರ್ಜುನ ಖರ್ಗೆ ಗುಲ್ಬರ್ಗಾದಲ್ಲಿ ಕಾನೂನು ಓದಿದವರು, ಶಿವರಾಜ ಪಾಟೀಲರ ಕಚೇರಿಯಲ್ಲಿ ಕಿರಿಯ ವಕೀಲರಾಗಿದ್ದವರು, ಎಂ.ಎಸ್.ಕೆ. ಮಿಲ್ಲಿನ ಕಾರ್ಮಿಕರ ಕಾನೂನು ಸಲಹೆಗಾರರಾಗಿದ್ದವರು. ಶಿವರಾಜ ಪಾಟೀಲರು 2000ದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಖರ್ಗೆ 1972ರಿಂದ ಗುರುಮಠಕಲ್ಲಿನಿಂದ, 2008ರಲ್ಲಿ ಚಿತ್ತಾಪುರದಿಂದ ವಿಧಾನಸಭೆಗೆ, 2009 ಮತ್ತು 2014ರಲ್ಲಿ ಗುಲ್ಬರ್ಗಾದಿಂದ ಲೋಕಸಭೆಗೆ ಗೆದ್ದರು. ನ್ಯಾಯಾಂಗದ ದೊಡ್ಡ ಹುದ್ದೆಗಳಿಗೆ ಆರಿಸುವ ಮೂರು ಮೇಜುಗಳ ಹತ್ತಿರ ಅವರು ಹೋದರು. ಮೂರೂ ಕಡೆ ನಡೆದದ್ದನ್ನು ನಮ್ಮ ಇತಿಹಾಸವಾಗಿ ಓದಬೇಕು.

ಮೊದಲ ಮೇಜು 2015ರದು. 2014ರ ಆಗಸ್ಟ್‌ನಲ್ಲಿ ಸಂಸತ್ತು ರಾಷ್ಟ್ರೀಯ ನ್ಯಾಯಾಂಗ ನೇಮಕ ಆಯೋಗದ ಮಸೂದೆ ಪಾಸು ಮಾಡಿತು. ಆರು ಜನರ ಆಯೋಗ: ಮೂವರು ನ್ಯಾಯಮೂರ್ತಿಗಳು, ಕಾನೂನು ಮಂತ್ರಿ, ಇಬ್ಬರು ಗಣ್ಯರು. ಆ ಇಬ್ಬರಲ್ಲಿ ಒಬ್ಬರು ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರು ಅಥವಾ ಮಹಿಳೆಯರಿಂದ ಬರಬೇಕು. ದೇಶದ ಬಹುಪಾಲು ಜನಕ್ಕೆ ಒಂದೇ ಕುರ್ಚಿ! ಆದರೂ ಕಾನೂನಿನಲ್ಲಿ ಅಂಥ ಕುರ್ಚಿ ಬರೆದದ್ದು ಅದೇ ಮೊದಲು. ಗಣ್ಯರನ್ನು ಆರಿಸಬೇಕಾದವರು ಪ್ರಧಾನಿ, ಮುಖ್ಯ ನ್ಯಾಯಮೂರ್ತಿ ಮತ್ತು ಲೋಕಸಭೆಯ ದೊಡ್ಡ ವಿರೋಧ ಪಕ್ಷದ ನಾಯಕ, ಅಂದರೆ ನರೇಂದ್ರ ಮೋದಿ, ಕರ್ನಾಟಕ ಹೈಕೋರ್ಟಿನಿಂದ ಬೆಳೆದ ಎಚ್.ಎಲ್. ದತ್ತು ಮತ್ತು ಖರ್ಗೆ. ಕೋರ್ಟಿನಲ್ಲಿ ಪ್ರಕರಣ ಇರುವಾಗ ಸಭೆಗೆ ಬರುವುದಿಲ್ಲ ಎಂದು ದತ್ತು 2015ರ ಏಪ್ರಿಲ್‌ನಲ್ಲಿ ಪತ್ರ ಬರೆದರು. ಅಕ್ಟೋಬರ್ 16ರಂದು ಸುಪ್ರೀಂ ಕೋರ್ಟು 4-1ರಿಂದ ಆಯೋಗವನ್ನೇ ರದ್ದು ಮಾಡಿತು. ಆ ಕುರ್ಚಿಯಲ್ಲಿ ಯಾರೂ ಕೂರಲೇ ಇಲ್ಲ.

ಎರಡನೆಯದು ಲೋಕಪಾಲರ ಆಯ್ಕೆ. ಅಲ್ಲಿ ಕಾನೂನು ಅಧಿಕೃತ ವಿರೋಧ ಪಕ್ಷದ ನಾಯಕನನ್ನು ಮಾತ್ರ ಸದಸ್ಯ ಎಂದಿತು. ಖರ್ಗೆಗೆ ಆ ಸ್ಥಾನ ಸಿಕ್ಕಿರಲಿಲ್ಲ. 2018ರಿಂದ 'ವಿಶೇಷ ಆಹ್ವಾನಿತ'ರಾಗಿ ಬನ್ನಿ ಎಂದು ಕರೆದರು. ಮಾತಿಗೂ ಮತಕ್ಕೂ ಹಕ್ಕಿಲ್ಲದ ಕರೆ ಅದು ಎಂದು ಅವರು ಹೋಗಲಿಲ್ಲ. ಊಟಕ್ಕೆ ಕರೆದು ಬೇರೆ ಪಂಕ್ತಿಯಲ್ಲಿ ಕೂಡಿಸುವ ರೂಢಿ ನಮಗೆ ಹೊಸದಲ್ಲ.

ಮೂರನೆಯದು ರಾಷ್ಟ್ರೀಯ ಮಾನವ ಹಕ್ಕು ಆಯೋಗ. 2021ರ ಮೇ 31ರ ಸಭೆಯಲ್ಲಿ ಪ್ರಧಾನಿ, ಗೃಹಮಂತ್ರಿ, ಲೋಕಸಭೆಯ ಸ್ಪೀಕರ್, ರಾಜ್ಯಸಭೆಯ ಉಪಸಭಾಪತಿ ಇದ್ದರು. ರಾಜ್ಯಸಭೆಯ ವಿರೋಧ ಪಕ್ಷದ ನಾಯಕರಾಗಿ ಖರ್ಗೆ ಒಬ್ಬರೇ ಆಚೆ ಕಡೆ. ಆಯೋಗದ ಮುಂದೆ ಬರುವ ದೌರ್ಜನ್ಯಗಳು ಹೆಚ್ಚು ಯಾರ ಮೇಲೆ ನಡೆಯುತ್ತವೋ ಆ ದಲಿತ, ಆದಿವಾಸಿ, ಅಲ್ಪಸಂಖ್ಯಾತರಿಂದ ಅಧ್ಯಕ್ಷರನ್ನೋ ಕನಿಷ್ಠ ಒಬ್ಬ ಸದಸ್ಯರನ್ನೋ ಆರಿಸಿ ಎಂದರು. ಒಪ್ಪಲಿಲ್ಲ. ಭಿನ್ನಮತ ಬರೆದುಕೊಟ್ಟರು. ನಿವೃತ್ತ ನ್ಯಾಯಮೂರ್ತಿ ಅರುಣ್ ಮಿಶ್ರಾ ಅಧ್ಯಕ್ಷರಾದರು. 2024ರ ಡಿಸೆಂಬರಿನಲ್ಲಿ ಇದೇ ಮತ್ತೆ ನಡೆಯಿತು. ಖರ್ಗೆ ಮತ್ತು ರಾಹುಲ್ ಗಾಂಧಿ, ಆಯ್ಕೆ ಮೊದಲೇ ತೀರ್ಮಾನವಾಗಿದೆ, ವೈವಿಧ್ಯವನ್ನು ಕಡೆಗಣಿಸಲಾಗಿದೆ ಎಂದು ಬರೆದರು. ನೇಮಕವಾದವರು ವಿ. ರಾಮಸುಬ್ರಮಣಿಯನ್.

ಖರ್ಗೆಯವರನ್ನು ಹೊಗಳಲು ಇದನ್ನು ಬರೆಯುತ್ತಿಲ್ಲ. 2010ರಿಂದ 2014ರ ತನಕ ಅವರು ಕೇಂದ್ರ ಮಂತ್ರಿಯಾಗಿದ್ದಾಗಲೂ ಸುಪ್ರೀಂ ಕೋರ್ಟಿನಲ್ಲಿ ದಲಿತ ನ್ಯಾಯಮೂರ್ತಿ ಇರಲಿಲ್ಲ. ಆಗ ಅವರ ಪಕ್ಷ ಯಾವ ಭಿನ್ನಮತ ಬರೆಯಿತು ಎಂದು ಕೇಳಲೇಬೇಕು. ವಿರೋಧದಲ್ಲಿದ್ದಾಗ ನೆನಪಾಗುವ ಸಾಮಾಜಿಕ ನ್ಯಾಯ ಅಧಿಕಾರದಲ್ಲಿದ್ದಾಗ ಮರೆತುಹೋಗುವುದು ಎಲ್ಲ ಪಕ್ಷಗಳ ರೋಗ. ಆದರೂ ಆ ಭಿನ್ನಮತದ ಹಾಳೆಗೆ ಬೆಲೆ ಇದೆ. ನಾರಾಯಣನ್ ಕಡತದ ಮೇಲೆ ಬರೆದದ್ದಕ್ಕೂ ಇದಕ್ಕೂ ನೇರ ಸಂಬಂಧವಿದೆ. ಇಬ್ಬರಿಗೂ ತಡೆಯುವ ಬಲ ಇರಲಿಲ್ಲ. ಇಬ್ಬರೂ ಬರೆದಿಟ್ಟರು. ಇದ್ದ ಒಂದು ಹಕ್ಕು ಅದು.

7

ಹಾಗಾದರೆ ನಾವು ಏನು ಕೇಳಬೇಕು? ಸಂಸತ್ತಿಗೆ ಮತದ ಬಲ ಕೊಡಿ ಎಂದು ಕೇಳಬಾರದು. ಬಹುಮತದ ಕೈಗೆ ಕೋರ್ಟು ಕೊಟ್ಟರೆ ಮೊದಲು ಸೋಲುವವರು ನಾವೇ. ಕೇಳಬೇಕಾದದ್ದು ಪ್ರಶ್ನೆಯ ಹಕ್ಕು. ಹೆಸರು ನೇಮಕಕ್ಕೆ ಮುಂಚೆ ಪ್ರಕಟವಾಗಲಿ. ಎಲ್ಲ ಪಕ್ಷಗಳ ಸಂಸದೀಯ ಸಮಿತಿಯೊಂದು ಬಹಿರಂಗವಾಗಿ ಪ್ರಶ್ನೆ ಕೇಳಲಿ, ಮತ ಹಾಕುವುದು ಬೇಡ. ಆರಿಸಿದ್ದಕ್ಕೂ ಬಿಟ್ಟದ್ದಕ್ಕೂ ಕಾರಣ ಬರೆಯಲಿ. ಭಿನ್ನಮತ ಇದ್ದರೆ ನೇಮಕದ ಆದೇಶದ ಜೊತೆಗೇ ಅಚ್ಚಾಗಲಿ. ಅಂಬೇಡ್ಕರ್ ಹೇಳಿದ ನಡುದಾರಿಗೆ ಇದು ವಿರುದ್ಧವಲ್ಲ.

ಕೇಳಿದರೆ ಏನು ಸಿಗುತ್ತದೆ ಎನ್ನುವವರಿಗೆ ಎರಡು ಲೆಕ್ಕ. ಕರಿಯಾ ಮುಂಡಾ ಅಧ್ಯಕ್ಷತೆಯ ಸಂಸದೀಯ ಸಮಿತಿ ಕೇಳಿದ್ದರಿಂದ, 1998ರ ಮೇ 1ರಂದು ದೇಶದ 481 ಹೈಕೋರ್ಟ್ ನ್ಯಾಯಮೂರ್ತಿಗಳಲ್ಲಿ ಪರಿಶಿಷ್ಟ ಜಾತಿಯವರು 15, ಪಂಗಡದವರು 5 ಎಂದು ಗೊತ್ತಾಯಿತು. ಸಂಸದರು ಕೇಳಿದ್ದರಿಂದ, 2018ರಿಂದ 2024ರ ಕೊನೆಯ ಹೊತ್ತಿಗೆ ನೇಮಕವಾದ 684 ಹೈಕೋರ್ಟ್ ನ್ಯಾಯಮೂರ್ತಿಗಳಲ್ಲಿ ಪರಿಶಿಷ್ಟ ಜಾತಿಯವರು 21, ಪಂಗಡದವರು 14 ಎಂದು ಸರ್ಕಾರ ಹೇಳಬೇಕಾಯಿತು. ಎರಡೂ ಲೆಕ್ಕದಲ್ಲಿ ಪರಿಶಿಷ್ಟ ಜಾತಿಯ ಪಾಲು ನೂರಕ್ಕೆ ಮೂರರ ಆಸುಪಾಸು. ಇಪ್ಪತ್ತಾರು ವರ್ಷದಲ್ಲಿ ಆ ಮೂರು ಮೂರಾಗಿಯೇ ಉಳಿದಿದೆ ಎಂದು ಹೇಳಲು ನಮಗೆ ಆಧಾರ ಸಿಕ್ಕಿದ್ದೇ ಯಾರೋ ಕೇಳಿದ್ದರಿಂದ.

1968ರಲ್ಲಿ ಬಿ. ಶ್ಯಾಮಸುಂದರ್ ಭೀಮಸೇನೆ ಕಟ್ಟಿದ್ದು ಇದೇ ಗುಲ್ಬರ್ಗಾದಲ್ಲಿ. ಸಿಮೆಂಟು ಕಾರ್ಖಾನೆ, ಪರಸಿ ಕಲ್ಲಿನ ಗಣಿ, ರೈಲಿನ ಕೆಲಸದಲ್ಲಿ ಸಂಘ ಕಟ್ಟಿ, ಹಾಜರಿ ಪುಸ್ತಕ ತೋರಿಸಿ ಎಂದು ಕೇಳಿ ಗೊತ್ತಿರುವ ಜನ ಈ ಪಟ್ಟೆಯವರು. ಅದೇ ಕೇಳಿಕೆಯನ್ನು ಇನ್ನೊಂದು ಪುಸ್ತಕಕ್ಕೆ ಹಚ್ಚಬೇಕಾಗಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನವರು ಕಲಬುರಗಿಯ ಸಂಸದರನ್ನು ಕೇಳಬೇಕು. ಚಿಂಚೋಳಿಯವರ ಲೋಕಸಭೆ ಬೀದರ್. ಅವರು ಅಲ್ಲಿಯ ಸಂಸದರನ್ನು ಕೇಳಬೇಕು. ಕಲಬುರಗಿ ಪೀಠದಲ್ಲಿ ವಕಾಲತ್ತು ಮಾಡುವ ದಲಿತ ವಕೀಲರ ಎಷ್ಟು ಹೆಸರು ಇದುವರೆಗೆ ಹೈಕೋರ್ಟಿನ ಕೊಲಿಜಿಯಂ ಮುಂದೆ ಹೋಗಿವೆ, ಎಷ್ಟು ವಾಪಸು ಬಂದಿವೆ, ಏನು ಕಾರಣ ಕೊಟ್ಟು ಬಂದಿವೆ? ಮುಂದಿನ ಅಧಿವೇಶನಕ್ಕೆ ಈ ಒಂದು ಪ್ರಶ್ನೆ ಸಾಕು.